ಪಾಳುನೆಲಕ್ಕೆ ಹೊಸಬರಾಗಿ ಹೋಗುವವರಿಗೆ

2024ರ ಏಪ್ರಿಲ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ‘ಫಾಲ್‌ಔಟ್’ ಧಾರಾವಾಹಿ ಬಂದ ಮೇಲೆ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಾನು ಬಲ್ಲ ಕನ್ನಡ ಮನೆಗಳಲ್ಲಿ ಒಂದು ಸ್ವಾರಸ್ಯದ ಸಂಗತಿ ನಡೆಯಿತು. ಧಾರಾವಾಹಿಯನ್ನು ಒಂದೇ ವಾರಾಂತ್ಯದಲ್ಲಿ ನೋಡಿ ಮುಗಿಸಿದ ಹರೆಯದವರು ಅದರ ಮೂಲವನ್ನು ಹುಡುಕುತ್ತ ಹೋಗಿ, 1997ರ ಅಕ್ಟೋಬರ್‌ನಲ್ಲಿ ಇಂಟರ್‌ಪ್ಲೇ ಸಂಸ್ಥೆ ಹೊರತಂದ ಮೊದಲ ‘ಫಾಲ್‌ಔಟ್’ ಕಂಪ್ಯೂಟರ್ ಆಟವನ್ನು ಕೆಲವೇ ಡಾಲರ್ ಕೊಟ್ಟು ಇಳಿಸಿಕೊಂಡರು. ಅವರಲ್ಲಿ ಬಹುಪಾಲು ಮಂದಿ ಅರ್ಧ ಗಂಟೆಯೊಳಗೆ ಅದನ್ನು ಮುಚ್ಚಿಟ್ಟರು. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ, ಏನು ಮಾಡಿದರೂ ಸಾಯುತ್ತೇವೆ.

ಈ ದೂರಿನಲ್ಲಿ ಸುಳ್ಳಿಲ್ಲ. ಇಂದಿನ ಆಟಗಳು ಬಾಣದ ಗುರುತು ತೋರಿಸಿ, ಕೈಹಿಡಿದು ನಡೆಸುತ್ತವೆ. ಈ ಹಳೆಯ ಆಟ ನಮ್ಮನ್ನು ಗುಹೆಯೊಂದರ ಬಾಯಲ್ಲಿ ನಿಲ್ಲಿಸಿ, ಹಿಂದಿನ ಉಕ್ಕಿನ ಬಾಗಿಲನ್ನು ಮುಚ್ಚಿಬಿಡುತ್ತದೆ. ಆದರೂ ಇದನ್ನು ಆಡಿ ನೋಡಿರೆಂದು, ಅದರಲ್ಲೂ ಪರದೇಶದಲ್ಲಿ ಬದುಕು ಕಟ್ಟಿಕೊಳ್ಳುತ್ತಿರುವವರಿಗೆ, ನಾನು ಒತ್ತಾಯಿಸಿ ಹೇಳುವವನು. ಹೊಸ ನೆಲಕ್ಕೆ ಬಂದಿಳಿದವನಿಗೆ ಮೊದಲ ಆರು ತಿಂಗಳಲ್ಲಿ ಯಾವ ಗುಣಗಳು ಬೇಕೋ ಅವೇ ಇಲ್ಲಿಯೂ ಬೇಕು. ಬಂದೂಕಿನ ಗುರಿಗಿಂತ ಕಿವಿಯ ತಾಳ್ಮೆಯೇ ಈ ಆಟದಲ್ಲಿ ಹೆಚ್ಚು ದೂರ ಕರೆದೊಯ್ಯುತ್ತದೆ.

ಕಥೆಯ ಹಂದರ ಸರಳವಾದುದು. 2077ರಲ್ಲಿ ನಡೆದ ಅಣುಯುದ್ಧದಲ್ಲಿ ಜಗತ್ತು ಸುಟ್ಟುಹೋಗಿದೆ. ವಾಲ್ಟ್ ಎಂದು ಕರೆಯುವ ನೆಲದಡಿಯ ಬೃಹತ್ ಆಶ್ರಯತಾಣಗಳಲ್ಲಿ ಕೆಲವರು ತಲೆಮಾರುಗಳಿಂದ ಬದುಕುಳಿದಿದ್ದಾರೆ. 2161ರಲ್ಲಿ 13ನೆಯ ವಾಲ್ಟಿನ ನೀರು ಶುದ್ಧೀಕರಿಸುವ ಯಂತ್ರದ ಚಿಪ್ ಕೆಡುತ್ತದೆ. ಬದಲಿ ಚಿಪ್ ತರಲು ನಿಮ್ಮನ್ನು ಹೊರಗೆ ಕಳುಹಿಸುತ್ತಾರೆ. ಅವಧಿ 150 ದಿನ. ಅಷ್ಟರೊಳಗೆ ತರದಿದ್ದರೆ ಒಳಗಿರುವವರು ನೀರಿಲ್ಲದೆ ಸಾಯುತ್ತಾರೆ, ಆಟ ಅಲ್ಲಿಗೆ ಮುಗಿಯುತ್ತದೆ.

ನೀರಿಗಾಗಿ ಪರದಾಡುವ ಕಥೆಯನ್ನು ಈ ನೆಲದಲ್ಲಿಯೇ ಇರಿಸಿದ್ದು ಅರ್ಥವತ್ತಾಗಿದೆ. ಲಾಸ್ ಏಂಜಲೀಸ್ ನಗರ ಕುಡಿದು ಬೆಳೆದದ್ದೇ ನೂರಾರು ಮೈಲಿ ದೂರದ ಓವೆನ್ಸ್ ಕಣಿವೆಯಿಂದ 1913ರಲ್ಲಿ ಕಾಲುವೆ ತೋಡಿ ತಂದ ನೀರನ್ನು. ಸಾಂಟಾ ಕ್ಲರೀಟಾದಲ್ಲಿರುವ ನಮ್ಮ ಮನೆಯಿಂದ ಐದನೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ, ಟೆಹೋನ್ ಕಣಿವೆದಾರಿಯ ಇಳಿಜಾರು ಮುಗಿಯುತ್ತಿದ್ದಂತೆ ಬಯಲು ತೆರೆದುಕೊಳ್ಳುತ್ತದೆ. ಮುಂದೆ ಬೇಕರ್ಸ್‌ಫೀಲ್ಡ್, ಒಂದು ಕಡೆ ತಲೆಯಾಡಿಸುತ್ತ ಎಣ್ಣೆ ಎತ್ತುವ ಪಂಪುಗಳು, ಇನ್ನೊಂದು ಕಡೆ ಬಾದಾಮಿ ತೋಟಗಳು. ಆಟದಲ್ಲಿ ಇದೇ ಬೇಕರ್ಸ್‌ಫೀಲ್ಡ್ ಅರೆಜೀವದ ಮನುಷ್ಯರು ನೆಲೆಸಿರುವ ‘ನೆಕ್ರೊಪೊಲಿಸ್’, ಎಂದರೆ ಸತ್ತವರ ಊರು. ಲಾಸ್ ಏಂಜಲೀಸ್‌ನ ಹೆಸರು ‘ಬೋನ್‌ಯಾರ್ಡ್’, ಮೂಳೆಗಳ ಅಂಗಳ. ವಾರಾಂತ್ಯದಲ್ಲಿ ತೊಗರಿಬೇಳೆ, ಕರಿಬೇವು ಕೊಳ್ಳಲು ಹೋಗುವ ಊರನ್ನು ಪರದೆಯ ಮೇಲೆ ಪಾಳುಬಿದ್ದ ಗೋಡೆಗಳಾಗಿ ನೋಡುವಾಗ ಮನಸ್ಸು ಒಂದು ಕ್ಷಣ ತಡವರಿಸುತ್ತದೆ.

ಇನ್ನು ಆಟದ ಮಾತು. ಇದು ರೋಲ್ ಪ್ಲೇಯಿಂಗ್ ಬಗೆಯದು, ಎಂದರೆ ನಾವೇ ಒಂದು ಪಾತ್ರವನ್ನು ರೂಪಿಸಿ ಆ ಪಾತ್ರವಾಗಿ ನಡೆದುಕೊಳ್ಳಬೇಕಾದ ಆಟ. ಅರ್ಧ ಗಂಟೆಯಲ್ಲಿ ಬಿಟ್ಟುಹೋದವರೆಲ್ಲ ಸೋತದ್ದು ಗುಹೆಯಲ್ಲಲ್ಲ, ಅದಕ್ಕೂ ಮೊದಲು, ಪಾತ್ರವನ್ನು ರೂಪಿಸುವ ಪುಟದಲ್ಲಿ. ಬಲ, ಗ್ರಹಣಶಕ್ತಿ, ತಾಳಿಕೆ, ವರ್ಚಸ್ಸು, ಬುದ್ಧಿ, ಚುರುಕು, ಅದೃಷ್ಟ ಎಂಬ ಏಳು ಗುಣಗಳು ಅಲ್ಲಿ ತಲಾ 5 ಅಂಕಗಳೊಡನೆ ನಿಂತಿರುತ್ತವೆ. ಹಂಚಲು ಇನ್ನೂ 5 ಅಂಕಗಳು ಕೈಯಲ್ಲಿರುತ್ತವೆ. ಒಂದರಿಂದ ಕಳೆದು ಇನ್ನೊಂದಕ್ಕೆ ಕೂಡಿಸಲೂಬಹುದು. ಯಾವ ಗುಣವೂ 10 ದಾಟುವಂತಿಲ್ಲ. ಆಟವನ್ನು ಕಟ್ಟಿದ ಟಿಮ್ ಕೇನ್ ಮತ್ತು ಸಂಗಡಿಗರು ಮೊದಲು ಗರ್ಪ್ಸ್ ಎಂಬ ಬೇರೊಂದು ಸಂಸ್ಥೆಯ ನಿಯಮಾವಳಿಯನ್ನು ಬಳಸಹೊರಟಿದ್ದರು. ಆ ಒಪ್ಪಂದ ಮುರಿದುಬಿದ್ದ ಮೇಲೆ ತರಾತುರಿಯಲ್ಲಿ ತಾವೇ ಕಟ್ಟಿಕೊಂಡದ್ದು ಈ ಏಳು ಗುಣಗಳ ಏರ್ಪಾಡು. ಅದು ಇಂದಿನವರೆಗೂ ಬಾಳಿದೆ.

ಹೊಸಬರು ಚುರುಕು ಮತ್ತು ಬುದ್ಧಿಯನ್ನು ಕೈಬಿಡಬಾರದು. ಇಲ್ಲಿ ಕಾದಾಟ ಚದುರಂಗದಂತೆ ಸರದಿಯ ಪ್ರಕಾರ ನಡೆಯುತ್ತದೆ. ಒಂದು ಸರದಿಯಲ್ಲಿ ಎಷ್ಟು ಕೆಲಸ ಮಾಡಬಹುದೆಂಬುದನ್ನು ನಿರ್ಧರಿಸುವುದು ಚುರುಕು. ಲೆಕ್ಕ ಹೀಗಿದೆ: ಚುರುಕಿನ ಅರ್ಧಕ್ಕೆ 5 ಕೂಡಿಸಿದರೆ ಬರುವಷ್ಟು ಕ್ರಿಯಾಂಕಗಳು. ಆರಂಭದಲ್ಲಿ ದೊರೆಯುವ ಪಿಸ್ತೂಲಿನ ಒಂದು ಗುಂಡಿಗೆ 5 ಕ್ರಿಯಾಂಕ ಬೇಕು. ಚುರುಕು 10 ಇದ್ದವನು ಒಂದು ಸರದಿಯಲ್ಲಿ ಎರಡು ಗುಂಡು ಹಾರಿಸುತ್ತಾನೆ, 9 ಇದ್ದವನು ಒಂದೇ. ಒಂದಂಕದ ಅಂತರ ಇಷ್ಟು ದೊಡ್ಡದೆಂದು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಬುದ್ಧಿಯ ಕಥೆ ಇನ್ನೂ ಸೊಗಸಾಗಿದೆ. ಅದು 3 ಅಥವಾ ಅದಕ್ಕಿಂತ ಕಡಿಮೆಯಾದರೆ ನಿಮ್ಮ ಪಾತ್ರಕ್ಕೆ ಮಾತೇ ಸರಿಯಾಗಿ ಬರುವುದಿಲ್ಲ; ಎದುರಿನವರಿಗೆ ಹೂಂ, ಹಾಂ ಎನ್ನಬಲ್ಲದಷ್ಟೇ. ಅರ್ಧದಷ್ಟು ಕಥೆಯ ಬಾಗಿಲುಗಳು ಅಲ್ಲಿಗೇ ಮುಚ್ಚುತ್ತವೆ. ಬುದ್ಧಿಯನ್ನು 8ರ ಆಸುಪಾಸಿನಲ್ಲಿ ಇರಿಸಿ. ಬೇಕಾದರೆ ವರ್ಚಸ್ಸಿನಿಂದ ಒಂದೆರಡು ಅಂಕ ಕಳೆಯಿರಿ, ಈ ಮೊದಲ ಆಟದಲ್ಲಿ ಅದರಿಂದಾಗುವ ನಷ್ಟ ಹೆಚ್ಚಿನದಲ್ಲ. ಹದಿನೆಂಟು ಕೌಶಲಗಳಲ್ಲಿ ಮೂರನ್ನು ವಿಶೇಷವೆಂದು ಗುರುತು ಮಾಡಿಕೊಳ್ಳಲು ಹೇಳುತ್ತಾರೆ. ಸಣ್ಣ ಬಂದೂಕು, ಮಾತುಗಾರಿಕೆ, ಬೀಗ ತೆಗೆಯುವುದು ಇವು ಮೂರು ಮೊದಲ ಬಾರಿಗೆ ಸಾಕು. ಜೂಜು, ಬಲೆ ಒಡ್ಡುವುದು ಮುಂತಾದವನ್ನು ಇನ್ನೊಂದು ಜನ್ಮಕ್ಕೆ ಇಟ್ಟುಕೊಳ್ಳಿ.

ಇದನ್ನೆಲ್ಲ ನಾನು ಇಷ್ಟು ವಿವರವಾಗಿ ಹೇಳಲು ಒಬ್ಬ ಹುಬ್ಬಳ್ಳಿಯ ಹುಡುಗ ಕಾರಣ. ನನ್ನ ತಮ್ಮನ ಗೆಳೆಯ. ಇಲ್ಲಿಯ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವನನ್ನು ಒಂದು ಮಂಗಳವಾರದ ಬೆಳಿಗ್ಗೆ, ಅವನ ಇಡೀ ತಂಡದೊಡನೆ, ಒಂದು ಮಿಂಚಂಚೆಯ ಮೂಲಕ ಕೆಲಸದಿಂದ ತೆಗೆದರು. ಎಚ್-1ಬಿ ವೀಸಾದಲ್ಲಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಇಲ್ಲದಿದ್ದರೆ ದೇಶ ಬಿಡಬೇಕು. ಬಾಡಿಗೆ ಉಳಿಸಲೆಂದು ಅವನು ನಮ್ಮ ಮನೆಯ ಮೇಲಿನ ಕೋಣೆಗೆ ಬಂದ. ಹಗಲೆಲ್ಲ ಅರ್ಜಿ, ಸಂದರ್ಶನ. ರಾತ್ರಿ ನಿದ್ದೆ ಬಾರದಿದ್ದಾಗ ನನ್ನ ಹಳೆಯ ಕಂಪ್ಯೂಟರಿನಲ್ಲಿ ಈ ಆಟ.

ಅವನು ಮೊದಲು ರೂಪಿಸಿದ್ದು ಗರಡಿಮನೆಯ ಪೈಲ್ವಾನನನ್ನು: ಬಲ 10, ತಾಳಿಕೆ 10, ಬುದ್ಧಿ 2. ಗುಹೆಯ ಇಲಿಗಳನ್ನು ಗುದ್ದಿ ಕೊಂದು ಹೊರಬಿದ್ದು, ಮೊದಲ ಹಳ್ಳಿಯನ್ನು ಸೇರಿ, ಹತ್ತು ನಿಮಿಷದ ಮೇಲೆ ಕೂಗಿದ: “ಅಣ್ಣಾರ, ಇವಗ ಮಾತ ಬರವಲ್ದರಿ! ಊರ ಮಂದಿ ನನ್ನ ನೋಡಿ ಮರುಗಾಕತ್ತಾರ.” ಕೆಲಸ ಹೋದ ಮೇಲೆ ಅವನು ಬಾಯ್ತುಂಬ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎರಡನೆಯ ಪಾತ್ರವನ್ನು ನಾವಿಬ್ಬರೂ ಕುಳಿತು ರೂಪಿಸಿದೆವು.

ಆ ಮೊದಲ ಹಳ್ಳಿಯ ಹೆಸರು ಶೇಡಿ ಸ್ಯಾಂಡ್ಸ್. ನೀವು ಹೋಗಬೇಕೆಂದು ಹಿರಿಯರು ಹೇಳಿರುವುದು 15ನೆಯ ವಾಲ್ಟಿಗೆ, ಈ ಹಳ್ಳಿ ದಾರಿಯಲ್ಲಿದೆ. ಆತುರದವರು ಇದನ್ನು ದಾಟಿ ಓಡುತ್ತಾರೆ, ವಾಲ್ಟಿನೊಳಗೆ ಇಳಿಯಲು ಹಗ್ಗವಿಲ್ಲದೆ ಹಿಂದಿರುಗುತ್ತಾರೆ. ಹಗ್ಗ ಹಳ್ಳಿಯಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ನಿಲ್ಲಿ. ಪ್ರತಿಯೊಬ್ಬರನ್ನೂ ಮಾತನಾಡಿಸಿ, ಕಪಾಟುಗಳನ್ನು ತೆರೆದು ನೋಡಿ. ಆಯುಧವನ್ನು ಕೈಯಲ್ಲಿ ಹಿಡಿದು ಯಾವ ಊರನ್ನೂ ಹೊಗಬೇಡಿ. ಮುಂದೆ ಜಂಕ್‌ಟೌನ್ ಎಂಬ ಊರಿನ ಕಾವಲುಗಾರರು ಇದನ್ನೇ ನಿಮಗೆ ಖಾರವಾಗಿ ತಿಳಿಹೇಳುತ್ತಾರೆ. ಹಳ್ಳಿಗರಿಗೆ ಚೇಳಿನ ಕಾಟವಿದೆ. ವಿಷಕ್ಕೆ ಮದ್ದು ತಯಾರಿಸಲು ವೈದ್ಯನಿಗೆ ಚೇಳಿನ ಬಾಲ ಬೇಕು. ಆ ಕೆಲಸ ಮಾಡಿಕೊಟ್ಟರೆ ಅನುಭವದ ಅಂಕಗಳೂ ಬರುತ್ತವೆ, ಊರಿನ ಪ್ರೀತಿಯೂ ದೊರೆಯುತ್ತದೆ.

ಹಳ್ಳಿಯಲ್ಲಿ ಇಯಾನ್ ಎಂಬ ಕಾವಲುಗಾರ ನಿಂತಿರುತ್ತಾನೆ. ಅವನನ್ನು ಜೊತೆಗೆ ಕರೆದುಕೊಳ್ಳಿ, ಆದರೆ ಎಂದೂ ಅವನ ಕೈಗೆ ಸಬ್‌ಮಷಿನ್ ಗನ್ ಕೊಡಬೇಡಿ. ಶತ್ರುವಿಗೂ ಅವನಿಗೂ ನಡುವೆ ನೀವಿದ್ದೀರೆಂಬುದನ್ನು ಅವನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಗುಂಡುಗಳು ನಿಮ್ಮ ಬೆನ್ನಿಗೇ ಬೀಳುತ್ತವೆ. ಇಯಾನನ ಗುಂಡಿಗೆ ಸತ್ತವರ ಸಂಖ್ಯೆ ದೊಡ್ಡದು. ಅವನಿಗೆ ಪಿಸ್ತೂಲು ಸಾಕು.

ಇಲ್ಲಿ ಕನ್ನಡಿಗರ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಯಿದೆ. ಈ ಹಳ್ಳಿಯ ಜನರ ಮಾತಿನಲ್ಲಿ ‘ಧರ್ಮ’ ಎಂಬ ಪದ ಇಣುಕುತ್ತದೆ. ಅವರ ಹಟ್ಟಿಯಲ್ಲಿ ಎರಡು ತಲೆಯ ಹಸುಗಳಿವೆ, ಅವುಗಳ ಹೆಸರು ‘ಬ್ರಾಮಿನ್’. ಹೆಸರು ಕೇಳಿ ಹುಬ್ಬು ಗಂಟಿಕ್ಕುವವರಿದ್ದಾರೆ. 2008ರಲ್ಲಿ ಸರಣಿಯ ಮೂರನೆಯ ಆಟವನ್ನು ಮೈಕ್ರೋಸಾಫ್ಟ್ ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ನೀಡಿ ಭಾರತದಲ್ಲಿ ಬಿಡುಗಡೆ ಮಾಡದಿದ್ದಾಗ, ಈ ಹಸುವೇ ಅದಕ್ಕೆ ಮೂಲವೆಂದು ಅನೇಕರು ಊಹಿಸಿದರು. ಆದರೆ ಈ ಹೆಸರು ನೆನಪಿಸುವ ‘ಬ್ರಹ್ಮನ್’ ಎಂಬ ಅಮೆರಿಕದ ದನದ ತಳಿ ನಿಜವಾಗಿಯೂ ಇದೆ. ಭಾರತದಿಂದ ಹೋದ ಗಿರ್, ಗುಜರಾತಿ, ನೆಲ್ಲೂರು ಮತ್ತು ನಮ್ಮ ಕೃಷ್ಣಾ ತೀರದ ತಳಿಗಳನ್ನು ಬೆರೆಸಿ ಬೆಳೆಸಿದ ತಳಿ ಅದು. ಬಾಗಲಕೋಟೆ, ಬೆಳಗಾವಿಯ ಕಪ್ಪು ನೆಲದಲ್ಲಿ ನೇಗಿಲೆಳೆದ ಎತ್ತುಗಳ ದೂರದ ಸಂತಾನಕ್ಕೆ ಕ್ಯಾಲಿಫೋರ್ನಿಯಾದ ಕಲ್ಪಿತ ಮರಳುಗಾಡಿನಲ್ಲಿ ಎರಡು ತಲೆ ಮೂಡಿದೆ ಎಂದುಕೊಂಡರೆ ನನಗಂತೂ ಕೋಪಕ್ಕಿಂತ ಸಲುಗೆಯೇ ಹೆಚ್ಚಾಗುತ್ತದೆ.

ಕಾಲದ ವಿಚಾರಕ್ಕೆ ಬರೋಣ. ಹೊಸಬರನ್ನು ಹೆಚ್ಚು ಕಂಗೆಡಿಸುವುದು ಇದೇ. ಮಣಿಕಟ್ಟಿನ ಪಿಪ್‌ಬಾಯ್ ಯಂತ್ರವನ್ನು ತೆರೆದಾಗಲೆಲ್ಲ ಉಳಿದ ದಿನಗಳ ಸಂಖ್ಯೆ ಕಣ್ಣಿಗೆ ಹೊಡೆಯುತ್ತದೆ. ವಾಸ್ತವವಾಗಿ 150 ದಿನ ಧಾರಾಳವಾದ ಅವಧಿ. ಊರೊಳಗೆ ಅಲೆದಾಡಿ, ಹತ್ತು ಜನರೊಡನೆ ಹರಟಿದರೂ ಕೆಲವೇ ಗಂಟೆಗಳು ಕಳೆಯುತ್ತವೆ. ದಿನಗಳನ್ನು ನುಂಗುವುದು ಊರಿಂದೂರಿಗೆ ಭೂಪಟದ ಮೇಲಿನ ಪ್ರಯಾಣ ಮತ್ತು ಗಾಯ ಮಾಯಲೆಂದು ಮಲಗಿ ಕಳೆಯುವ ವಿಶ್ರಾಂತಿ. ಮಾತಿನಲ್ಲಿ ಕಾಲ ಉಳಿಸಹೊರಟವನು ದಾರಿಯಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ, ಏಕೆಂದರೆ ಕೇಳಿ ತಿಳಿಯದೆ ಹೊರಟವನು ಎರಡೆರಡು ಸಲ ನಡೆಯಬೇಕಾಗುತ್ತದೆ. ಹಬ್ ಎಂಬ ವ್ಯಾಪಾರಿ ನಗರವನ್ನು ತಲುಪಿದರೆ ಅಲ್ಲಿಯ ನೀರಿನ ವರ್ತಕರು ಹಣ ಪಡೆದು ನಿಮ್ಮ ವಾಲ್ಟಿಗೆ ನೀರು ಕಳುಹಿಸುತ್ತಾರೆ, 100 ದಿನ ಹೆಚ್ಚಿಗೆ ಸಿಗುತ್ತದೆ. ಆದರೆ ನೀರಿನ ಗಾಡಿಗಳು ಹೋದ ದಾರಿ ಗುಟ್ಟಾಗಿ ಉಳಿಯುವುದಿಲ್ಲ. ನಿಮ್ಮವರು ಎಲ್ಲಿ ಅಡಗಿದ್ದಾರೆಂಬುದು ತಿಳಿಯಬಾರದವರಿಗೂ ತಿಳಿಯುತ್ತದೆ.

ನಮ್ಮ ಹುಡುಗ ಆ ಸಂಖ್ಯೆಯನ್ನು ನೋಡುತ್ತಲೇ ಇರಲಿಲ್ಲ. ಒಂದು ರಾತ್ರಿ ನಾನು ಕೇಳಿದ್ದಕ್ಕೆ, “ಹಗಲೊತ್ತು ಒಂದು ಎಣಸ್ತೀನಲ್ರಿ, ಸಾಕು” ಎಂದ. ಅಂದು ಅವನ ಮೂವತ್ತಮೂರನೆಯ ದಿನ.

ಚಿಪ್ ಎಲ್ಲಿದೆಯೆಂದು ಇಲ್ಲಿ ಬರೆದರೆ ಓದುಗರಿಗೆ ದ್ರೋಹ ಬಗೆದಂತಾಗುತ್ತದೆ. ಇಷ್ಟು ಹೇಳಬಹುದು: ಅದು ಸಿಗುವ ಜಾಗದಲ್ಲಿ ಬೇರೆ ಜನರಿದ್ದಾರೆ, ಅವರ ಕುಡಿಯುವ ನೀರೂ ಅದೇ ಚಿಪ್ಪನ್ನು ನೆಚ್ಚಿಕೊಂಡಿದೆ. ಕಿತ್ತುಕೊಂಡು ನಡೆದರೆ ತಡೆಯುವವರು ಹೆಚ್ಚಿಲ್ಲ. ಆದರೆ ಅಲ್ಲಿಯೇ ಕೆಟ್ಟುನಿಂತ ಹಳೆಯ ಪಂಪೊಂದಿದೆ. ಬಿಡಿಭಾಗಗಳನ್ನು ಹುಡುಕಿ, ರಿಪೇರಿಯ ಕೌಶಲವನ್ನು ಅಷ್ಟಿಷ್ಟು ಬೆಳೆಸಿಕೊಂಡಿದ್ದರೆ ಅದನ್ನು ಸರಿಪಡಿಸಿ, ಆಮೇಲೆ ಚಿಪ್ ಒಯ್ಯಬಹುದು. ಆಟ ಇದನ್ನು ಮಾಡೆಂದು ಬಲವಂತಪಡಿಸುವುದಿಲ್ಲ. ಮಾಡದೆ ಹೋದವರ ಪಾಡಿಗೆ ಅವರನ್ನು ಬಿಡುತ್ತದೆ, ಅಷ್ಟೆ. ಈ ಘಟ್ಟಕ್ಕೆ ಬಂದಾಗ ಹುಡುಗನಿಗೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸಂದರ್ಶನವಿತ್ತು. ಮಲಗಪ್ಪಾ ಎಂದು ನನ್ನ ಹೆಂಡತಿ ಎರಡು ಸಲ ಹೇಳಿದಳು. “ಮಂದಿ ನೀರು ಕಸ್ಕೊಂಡು ಹೋಗೂದು ಹೆಂಗರಿ ವೈನಿ?” ಎಂದವನು ಚರಂಡಿಯಲ್ಲಿ ಬಿಡಿಭಾಗ ಹುಡುಕುತ್ತ ಒಂದು ಗಂಟೆಯವರೆಗೂ ಕುಳಿತಿದ್ದ.

ಈ ಬಗೆಯ ಆಯ್ಕೆಗಳಿಂದಾಗಿಯೇ ನಾನು ಹೊಸಬರಿಗೆ ಕೊಡುವ ಮುಖ್ಯ ಸಲಹೆ, ಮೊದಲ ಬಾರಿ ಪೂರ್ಣ ದಾರಿಸೂಚಿಯನ್ನು ಓದಬೇಡಿ. ಆಟದೊಡನೆ ಬರುವ ಕೈಪಿಡಿಯನ್ನು ಮಾತ್ರ ಓದಿ. ಅದು ವಾಲ್ಟ್ ನಿವಾಸಿಗೆಂದೇ ಬರೆದ ಬದುಕುಳಿಯುವ ಮಾರ್ಗದರ್ಶಿಯ ವೇಷದಲ್ಲಿದೆ, ಕೊನೆಯಲ್ಲಿ ಅಡುಗೆಯ ವಿಧಾನಗಳೂ ಇವೆ. ಪಕ್ಕದಲ್ಲಿ ಒಂದು ನೋಟುಪುಸ್ತಕ ಇರಲಿ. ಯಾರು ಯಾವ ಊರಿನ ಹೆಸರು ಹೇಳಿದರೆಂದು ಗುರುತು ಹಾಕಿಕೊಳ್ಳಿ. ಮಾತುಕತೆಯ ಪರದೆಯಲ್ಲಿ ನೀವೇ ಒಂದು ಪದ ಬರೆದು ಅದರ ಬಗ್ಗೆ ಕೇಳುವ ಸೌಲಭ್ಯವಿದೆ, ಅದನ್ನು ಯಾರೂ ಬಳಸುವುದಿಲ್ಲ, ಬಳಸಿ ನೋಡಿ. ಉಳಿಸಿಡಲು ಹತ್ತು ಜಾಗಗಳಿವೆ. ಒಂದರ ಮೇಲೊಂದು ಬರೆಯದೆ ಸರದಿಯಂತೆ ಬಳಸಿ, ಪ್ರತಿ ಹೊಸ ಊರಿನ ಹೊರಗೆ ಒಮ್ಮೆ ಉಳಿಸಿ. ಸತ್ತರೆ ಹಿಂದಿರುಗುವುದು ಸರಿ. ಆದರೆ ಮಾತಿನಲ್ಲಿ ಸೋತದ್ದಕ್ಕೆ, ಒಬ್ಬರ ಮನಸ್ಸು ನೋಯಿಸಿದ್ದಕ್ಕೆ ಹಿಂದಿನ ಉಳಿಕೆಯನ್ನು ತೆರೆಯಬೇಡಿ. ಅದರ ಫಲವೇನೆಂದು ನೋಡುವುದರಲ್ಲಿಯೇ ಈ ಆಟದ ಸತ್ವವಿದೆ. ಕೊನೆಯ ಶತ್ರುವನ್ನು ಒಂದೂ ಗುಂಡು ಹಾರಿಸದೆ, ಸರಿಯಾದ ಸಾಕ್ಷ್ಯ ಮುಂದಿಟ್ಟು ಮಾತಿನಿಂದಲೇ ಸೋಲಿಸಬಹುದಾದ ಆಟಗಳು 1997ರಲ್ಲಿ ವಿರಳವಾಗಿದ್ದವು. ಈಗಲೂ ಅಷ್ಟೇನೂ ಹೆಚ್ಚಿಲ್ಲ.

ಕಾದಾಟದ ಬಗ್ಗೆ ಎರಡೇ ಮಾತು. ಬಾಗಿಲ ಚೌಕಟ್ಟಿನಲ್ಲಿ ನಿಂತು ಹೋರಾಡಿ, ಒಬ್ಬೊಬ್ಬರಾಗಿ ಬರುತ್ತಾರೆ. ಒಂದು ಕ್ರಿಯಾಂಕ ಹೆಚ್ಚಿಗೆ ತೆತ್ತರೆ ಕಣ್ಣಿಗೋ ಕಾಲಿಗೋ ಗುರಿಯಿಡಬಹುದು, ದೊಡ್ಡ ಶತ್ರುವಿಗೆ ಅದು ಬೇಕಾಗುತ್ತದೆ. ವಿಕಿರಣದ ಕುಳಿಯಾದ ‘ಗ್ಲೋ’ ಎಂಬ ಜಾಗಕ್ಕೆ ಹೋಗುವಾಗ ರಾಡ್-ಎಕ್ಸ್ ಮಾತ್ರೆಯನ್ನು ಮೊದಲೇ ನುಂಗಿ. ಅಲ್ಲಿ ಯಾರೂ ಹೊಡೆಯದಿದ್ದರೂ ಕೆಲವು ದಿನಗಳ ಬಳಿಕ ದಾರಿಯಲ್ಲಿ ಕುಸಿದು ಬೀಳುತ್ತೀರಿ.

ಹುಡುಗನಿಗೆ ಆ ಸಂದರ್ಶನದಲ್ಲಿ ಕೆಲಸ ಸಿಗಲಿಲ್ಲ, ಅದರ ನಂತರದ ಎರಡರಲ್ಲಿಯೂ ಇಲ್ಲ. ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿ ಇನ್ನಷ್ಟು ಕಾಲ ಕಾಯಬಹುದೆಂದು ವಕೀಲರು ಸೂಚಿಸಿದರು. ಅವನು ಒಂದಿಡೀ ದಿನ ಯೋಚಿಸಿ ಬೇಡವೆಂದ. ಐವತ್ತೆಂಟನೆಯ ದಿನ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಅವನನ್ನು ಬಿಟ್ಟುಬಂದೆವು. ಆಟ ಇನ್ನೂ ಮುಗಿದಿರಲಿಲ್ಲ. ಉಳಿಸಿಟ್ಟ ಕಡತವನ್ನು ಕಳುಹಿಸಿರೆಂದು ಊರು ಸೇರಿದ ಮೂರನೆಯ ದಿನ ಸಂದೇಶ ಬಂತು. ಚಿಪ್ ತಂದ ಮಾತ್ರಕ್ಕೆ ಈ ಕಥೆ ಮುಗಿಯುವುದಿಲ್ಲ. ನಿಜವಾದ ಕೊನೆ ಬೇರೆಯಿದೆ, 13ನೆಯ ವಾಲ್ಟಿನ ಅದೇ ಉಕ್ಕಿನ ಬಾಗಿಲ ಮುಂದೆ ನಡೆಯುವಂಥದು. ಊರು ಬಿಟ್ಟುಬಂದವರಾರೂ ಅದನ್ನು ಕಲ್ಲುಮನಸ್ಸಿನಿಂದ ನೋಡಲಾರರೆಂದಷ್ಟೇ ಹೇಳುತ್ತೇನೆ. ತಿಂಗಳ ನಂತರ ಅವನು ಫೋನ್ ಮಾಡಿ, ಆಟ ಮುಗಿಸಿದೆನೆಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದಿನಿಂದ ಒಗ್ಗರಣೆಯ ಚಟಪಟ ಸದ್ದು ಕೇಳಿಸುತ್ತಿತ್ತು. “ನಮ್ಮವ್ವ ಬಾಗಲಾ ಹಾಕಿಲ್ಲರಿ ಅಣ್ಣಾರ” ಎಂದ. ಆ ಆಟವನ್ನು ಕೊನೆಮುಟ್ಟಿಸಿದವರಿಗೆ ಮಾತು ಅರ್ಥವಾದೀತು.

ಈಗ ಅವನು ಎರಡನೆಯ ಭಾಗದಲ್ಲಿದ್ದಾನೆ. 1998ರ ‘ಫಾಲ್‌ಔಟ್ 2’ ಉತ್ತರ ಕ್ಯಾಲಿಫೋರ್ನಿಯಾದ ಕಥೆ, ಸ್ಯಾನ್ ಫ್ರಾನ್ಸಿಸ್ಕೊವರೆಗೂ ಹರಡಿದೆ, ಮೊದಲನೆಯದಕ್ಕಿಂತ ಬಹು ವಿಸ್ತಾರವಾದದ್ದು. ಆರಂಭದ ಪರೀಕ್ಷೆಯ ದೇಗುಲ ಬೇಸರ ತರಿಸುವಂಥದು, ಬಂದೂಕು ಕಲಿತವನ ಕೈಗೆ ಅಲ್ಲಿ ಈಟಿ ಕೊಡುತ್ತಾರೆ. ಇರುವೆ, ಚೇಳುಗಳ ನಡುವೆ ಓಡಿಬಿಡಿ. ಕೊನೆಯಲ್ಲಿ ಅಡ್ಡನಿಲ್ಲುವ ಬಂಟನನ್ನು ಮಾತಿನಿಂದ ಒಲಿಸಬಹುದು, ಇಲ್ಲವೇ ಅವನ ಕೀಲಿಯನ್ನು ಕದಿಯಬಹುದು. ಇಲ್ಲಿ ವರ್ಚಸ್ಸನ್ನು ಕಡೆಗಣಿಸುವಂತಿಲ್ಲ, ಜೊತೆಗಾರರು ಎಷ್ಟು ಮಂದಿ ಎಂಬುದು ಅದರ ಮೇಲೆಯೇ ನಿಂತಿದೆ. ಈ ಭಾಗದಲ್ಲಿ ಮಾದಕವಸ್ತು, ವೇಶ್ಯಾವಾಟಿಕೆಗಳ ಪ್ರಸ್ತಾಪ ಧಾರಾಳವಾಗಿದೆ. ಚಿಕ್ಕ ಮಕ್ಕಳ ಕೈಗೆ ಕೊಡುವುದು ಬೇಡ. ಬ್ರಿಟನ್, ಜರ್ಮನಿಯ ಓದುಗರಿಗೆ ಒಂದು ಮಾತು: ಆ ಕಾಲದ ಯುರೋಪಿನ ಆವೃತ್ತಿಗಳಲ್ಲಿ ಮಕ್ಕಳ ಪಾತ್ರಗಳನ್ನು ಕಣ್ಣಿಗೆ ಕಾಣದಂತೆ ಮಾಡಿದ್ದರು. ಹಳೆಯ ಡಿಸ್ಕ್ ಹಾಕಿ ಆಡುವಾಗ ‘ಡೆನ್’ ಎಂಬ ಊರಿನಲ್ಲಿ ನಿಮ್ಮ ಜೇಬಿನಿಂದ ವಸ್ತುಗಳು ತಾವಾಗಿಯೇ ಮಾಯವಾದರೆ ಕಂಪ್ಯೂಟರಿಗೆ ದೆವ್ವ ಹಿಡಿದಿದೆಯೆಂದು ತಿಳಿಯಬೇಡಿ. ಅವು ಕಾಣದ ಪುಟ್ಟ ಕೈಗಳ ಕಳ್ಳತನ.

ಇವೆರಡೂ ರುಚಿಸಿದರೆ, ಇವುಗಳ ಹಿರಿಯಜ್ಜನಾದ 1988ರ ‘ವೇಸ್ಟ್‌ಲ್ಯಾಂಡ್’ ಇದೆ. ಡಿಸ್ಕಿನಲ್ಲಿ ಜಾಗ ಸಾಲದೆ ಕಥೆಯ ಭಾಗಗಳನ್ನು ಪುಸ್ತಿಕೆಯಲ್ಲಿ ಮುದ್ರಿಸಿಕೊಟ್ಟಿದ್ದರು. ಆಟ ಇಂತಿಷ್ಟನೆಯ ಪ್ಯಾರಾ ಓದು ಎಂದಾಗ ಅದನ್ನಷ್ಟೇ ತೆರೆದು ಓದಬೇಕು. ತಾಳ್ಮೆಗೆಟ್ಟು ಮುಂದಿನದನ್ನು ಕದ್ದು ಓದುವವರಿಗೆಂದೇ ನಡುನಡುವೆ ಸುಳ್ಳು ಪ್ಯಾರಾಗಳನ್ನು ಸೇರಿಸಿದ್ದಾರೆ. ಅಂಥವರು ಮಂಗಳ ಗ್ರಹದವರ ಕಥೆಯೊಂದನ್ನು ಓದಿಕೊಂಡು, ಆಟದಲ್ಲಿ ಎಲ್ಲಿಯೂ ಇಲ್ಲದ ಅವರನ್ನು ಹುಡುಕುತ್ತ ನೆವಾಡಾದ ಮರಳಿನಲ್ಲಿ ಅಲೆಯುತ್ತಾರೆ.